ತಂಗಿ ಪಾಲು

ಸಿರಿಗೋಟೆಯ ಹೆಬ್ಬಾಗಿಲಾದ ಹಳೆಯ ಅಗಸಿ ದಾಟಿ ಎಡಕ್ಕೆ ಹೊರಳಿದರೆ ಕೋಟೆಯ ಕಂದಕ. ಈಗ ಅಲ್ಲಿ ತಿಳಿನೀರು ನಿಂತಿದೆ, ನೀರಿನ ಸುತ್ತ ಓಡಾಡುವ ದಾರಿಯಿದೆ, ಹೊಂಗೆ ಮರಗಳ ಕೆಳಗೆ ಪುರಸಭೆಯ ಸಿಮೆಂಟು ಬೆಂಚುಗಳಿವೆ. ಬಾಗಿಲಲ್ಲಿ ಉದ್ಯಾನವನದ ಹೆಸರು ಬರೆದ ದೊಡ್ಡ ಬೋರ್ಡು ಉಂಟು. ಆ ಹೆಸರು ಏನೆಂದು ಊರಲ್ಲಿ ಯಾರನ್ನು ಕೇಳಿದರೂ ತಲೆ ಕೆರೆದುಕೊಳ್ಳುತ್ತಾರೆ. ಬೋರ್ಡು ಬರೆದ ಪೇಂಟರನ ಪಾಡೂ ಅದೇ. ಊರವರ ಬಾಯಲ್ಲಿ ಕಂದಕದ ಇಡೀ ದಂಡೆ 'ಅಕ್ಕನ ಪಾಲು'. ಮೂಡಣ ಬುರುಜಿನ ನೆರಳು ಬೀಳುವಲ್ಲಿ ಒಂದು ಎತ್ತಿನ ಗಾಡಿ ನಿಲ್ಲಿಸುವಷ್ಟು ಜಾಗವಿದೆ. ಅದು ಮಾತ್ರ 'ತಂಗಿ ಪಾಲು'. ಇದೆಂಥ ಪಾಲು, ಪಂಚರ ಕಣ್ಣಿಗೆ ಪೊರೆ ಬಂದಿತ್ತೇ ಎಂದು ಹೊಸಬರು ಕೇಳುತ್ತಾರೆ. ಪಂಚರದೇನೂ ತಪ್ಪಿಲ್ಲ. ಈ ಪಾಲು ಮಾಡಿದ್ದು ಹೊಟ್ಟೆಕಿಚ್ಚು ಎನ್ನುತ್ತಾರೆ ಬಲ್ಲವರು.

ಹಿಂದೆ ಒಮ್ಮೆ, ದಂಡೆತ್ತಿ ಬರುವವರು ಈ ಕಡೆ ಬರುವುದನ್ನೇ ಬಿಟ್ಟ ಮೇಲೆ, ಕಂದಕಕ್ಕೆ ಕೆಲಸವಿಲ್ಲದಂತಾಯಿತು. ಕೆಲಸವಿಲ್ಲದೆ ಬಿದ್ದವರ ಮೇಲೆ ಎಲ್ಲರೂ ಕಸ ಹಾಕುತ್ತಾರೆ. ಒಲೆಯ ಬೂದಿ, ಒಡೆದ ಗಡಿಗೆ, ಹರಿದ ಚಾಪೆ, ಸತ್ತ ನಾಯಿ, ಎಲ್ಲವೂ ಅಲ್ಲಿಗೇ. ಮೊಸಳೆ ಈಜುತ್ತಿದ್ದ ನೀರಿನಲ್ಲಿ ಮುರಿದ ಮೊರ ತೇಲತೊಡಗಿತು. ಆಗ ಅಗಸಿ ಕಾಯುತ್ತಿದ್ದವರು ಇಬ್ಬರು ಅಣ್ಣತಮ್ಮಂದಿರು. ಕಂದಕದ ದಂಡೆಯನ್ನು ನೀವೇ ನೋಡಿಕೊಳ್ಳಿ ಎಂದು ಪಾಳೆಯಗಾರ ಅವರಿಗೆ ಬಿಟ್ಟುಕೊಟ್ಟಿದ್ದ. ಅಣ್ಣನ ಹೆಂಡತಿ ಹೊನ್ನವ್ವ, ತಮ್ಮನ ಹೆಂಡತಿ ಫಕೀರವ್ವ. ನೆಗೆಣ್ಣಿಯರಾದರೂ ಊರು ಅವರನ್ನು ಅಕ್ಕ-ತಂಗಿ ಎಂದೇ ಕರೆಯುತ್ತಿತ್ತು. ಮನೆ ಬೇರೆಯಾದಾಗ ಅಗಸಿಯ ಮಗ್ಗುಲಿನ ಹಸನಾದ ತುಂಡನ್ನು ಹೊನ್ನವ್ವ ಇಟ್ಟುಕೊಂಡಳು. ಅಲ್ಲಿ ಕೂತರೆ ಹೋಗುವವರು ಬರುವವರು ನಿಂತು ಮಾತಾಡಿಸುತ್ತಿದ್ದರು. ಅದೇ ಅವಳ ದೊಡ್ಡಸ್ತಿಕೆ. ಆಚೆಯ ತಿಪ್ಪೆಯನ್ನು ಫಕೀರವ್ವನ ಕಡೆಗೆ ಸರಿಸಿದಳು.

ಫಕೀರವ್ವ ಯಾರನ್ನೂ ಬೈಯಲಿಲ್ಲ. ತಿಪ್ಪೆಯ ಮೇಲೆ ಕುಂಬಳದ ಬೀಜ ಊರಿದಳು. ಬಿಟ್ಟ ಮೊದಲ ಕಾಯಿಯನ್ನು, ಅಲ್ಲಿ ಎಲ್ಲರಿಗಿಂತ ಹೆಚ್ಚು ಕಸ ಸುರಿಯುತ್ತಿದ್ದ ಮನೆಗೇ ಒಯ್ದು, "ನಿಮ್ಮ ಗೊಬ್ಬರದ್ದ ಐತ್ರೀ" ಎಂದು ಕೈಗಿತ್ತಳು. ಆ ಮನೆಯವರು ಸಾರು ಮಾಡಿ ಉಂಡರು, ನಾಚಿಕೊಂಡರು, ಮರುದಿನದಿಂದ ಅಲ್ಲಿ ಕಸ ಹಾಕುವವರ ಮೇಲೆ ತಾವೇ ಜಗಳಕ್ಕೆ ನಿಂತರು. ಆಮೇಲೆ ಫಕೀರವ್ವ ಒಡೆದ ಗಡಿಗೆಗಳ ಬೋಕಿ ಚೂರುಗಳನ್ನು ಒತ್ತೊತ್ತಾಗಿ ಜಡಿದು ನೀರಿಗಿಳಿಯುವ ಮೆಟ್ಟಿಲು ಮಾಡಿದಳು, ಹೂಳು ಎತ್ತಿದಳು, ಹೊಂಗೆ ನೆಟ್ಟಳು. ಬೇಲಿ ಹಾಕಲಿಲ್ಲ. ಸಂಜೆಯಾದರೆ ಜನ ಹೊನ್ನವ್ವನ ಮುಂದೆಯೇ ಹಾದು, ಅವಳತ್ತ ಕತ್ತು ಕೂಡ ತಿರುಗಿಸದೆ, ತಂಗಿಯ ಮೆಟ್ಟಿಲ ಮೇಲೆ ಹೋಗಿ ಕೂರತೊಡಗಿದರು. ಹೊನ್ನವ್ವ ಎದ್ದು ನೇರ ತಂಗಿಯ ಬಳಿಗೆ ಹೋದಳು.

"ಹಿರ್ಯಾಕಿ ನಾನು. ಚಲೋದು ನನಗ ಬರಬೇಕು," ಎಂದಳು.

"ತಗೋ ಯಕ್ಕಾ. ಈ ಊರಾಗ ಕಸಕ್ಕೇನು ಬರಗಾಲ ಐತೇನು?" ಎಂದ ಫಕೀರವ್ವ ಗುದ್ದಲಿ ಹೆಗಲಿಗೇರಿಸಿ ಮುಂದಿನ ತಿಪ್ಪೆಗೆ ನಡೆದಳು.

ಸಿಕ್ಕಿದ ಜಾಗಕ್ಕೆ ಹೊನ್ನವ್ವ ಮೊದಲು ಜಾಲಿಮುಳ್ಳು ತಂದಳು. ಆದರೆ ಬೇಲಿ ಬಡಿದರೆ ತನ್ನ ಚಂದದ ಪಾಲನ್ನು ನೋಡಿ ಹೊಗಳುವವರು ಯಾರು? ಮುಳ್ಳೆಲ್ಲ ಒಲೆಗೆ ಹೋಯಿತು. ಜನ ಬಂದರು, ಕೂತರು, "ಫಕೀರವ್ವನ ಕೈಗುಣ ನೋಡ್ರಿ" ಎಂದು ಹೊಗಳಿ, ಎದ್ದು ಅವಳ ಹೊಸ ಜಾಗಕ್ಕೆ ಹೋದರು. ಹೊನ್ನವ್ವ ಅದನ್ನೂ ಕೇಳಿದಳು, ತಂಗಿ ಅದನ್ನೂ ಕೊಟ್ಟಳು. ಹೀಗೆ ಒಬ್ಬಳ ಕುಂಬಳಬಳ್ಳಿ ಮುಂದೆ, ಇನ್ನೊಬ್ಬಳ ಹೊಟ್ಟೆಯುರಿ ಹಿಂದೆ, ಎರಡೂ ಸೇರಿ ಕೋಟೆಯನ್ನೇ ಸುತ್ತಿದವು. ತಂಗಿಯ ಕಾಲದಲ್ಲಿ ಇನ್ನೂ ಚೆನ್ನಾಗಿತ್ತು ಎಂದು ಯಾರಾದರೂ ಅಂದಾರೆಂಬ ಭಯಕ್ಕೆ ಹೊನ್ನವ್ವ ಒಂದು ಒಣ ಎಲೆಯೂ ಉಳಿಯದಂತೆ ಗುಡಿಸುತ್ತಿದ್ದಳು. ಕೊನೆಗೆ ಉಳಿದದ್ದು ಬುರುಜಿನ ಕೆಳಗಿನ ತಿಪ್ಪೆಯೊಂದೇ. ಅಲ್ಲಿ ಬೀಜ ಊರುವ ಮೊದಲೇ ಫಕೀರವ್ವ ಜ್ವರ ಬಂದು ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಹೊನ್ನವ್ವ ಎದೆ ಬಡಿದುಕೊಂಡು ಅತ್ತಳು: "ಇದರಾಗೂ ನನಗಿಂತ ಮುಂದ ಹೋದ್ಲಲ್ರೇ!" ನಗಬೇಕೋ ಅಳಬೇಕೋ ತಿಳಿಯದೆ ಬಂದವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಲ್ಲಿಗಾದರೂ ಉರಿ ಆರಬೇಕಿತ್ತು, ಆರಲಿಲ್ಲ. ಬುರುಜಿನ ತಿಪ್ಪೆ ಕಂಡವರೆಲ್ಲ, "ಆಕಿ ಇದ್ದಿದ್ರ ಇದನ್ನೂ ಬಂಗಾರ ಮಾಡ್ತಿದ್ಲು" ಎನ್ನತೊಡಗಿದರು. ಮಾಡಿದ ಕೆಲಸಕ್ಕೆ ಹೊಗಳಿದ್ದನ್ನು ಹೇಗೋ ತಡೆದುಕೊಂಡಿದ್ದ ಹೊನ್ನವ್ವನಿಗೆ, ಮಾಡದೇ ಹೋದ ಕೆಲಸದ ಹೊಗಳಿಕೆಯನ್ನು ತಾಳಲಾಗಲಿಲ್ಲ. ಹುಟ್ಟಿದಂದಿನಿಂದ ಗುದ್ದಲಿ ಹಿಡಿಯದವಳು ತಂಗಿಯ ಗುದ್ದಲಿಯನ್ನೇ ಹಿಡಿದು ಹೋಗಿ ಕುಂಬಳ ಹಾಕಿದಳು. ಕಾಯಿ ಬಿಟ್ಟಿತು. ಹೆಚ್ಚು ಕಸ ಹಾಕಿದ ಮನೆಗೆ ಮೊದಲ ಕಾಯಿ ಕೊಡಬೇಕಲ್ಲ. ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಟವಳು ಅಗಸಿಯ ಹತ್ತಿರ ನಿಂತುಬಿಟ್ಟಳು. ತನ್ನ ಪಾಲನ್ನೆಲ್ಲ ಗುಡಿಸಿ ಗುಡಿಸಿ ದಿನವೂ ಬುರುಜಿನ ಆ ಮೂಲೆಗೆ ತಂದು ಸುರಿದವಳು ತಾನೇ. ತನ್ನ ಮನೆಯ ಹೊಸ್ತಿಲಲ್ಲೇ ಕಾಯಿ ಇಳಿಸಿ ಕೂತು ಅತ್ತಳು. ಈ ಸಲ ಎದೆ ಬಡಿದುಕೊಳ್ಳಲಿಲ್ಲ, ಸದ್ದೂ ಇರಲಿಲ್ಲ ಎನ್ನುತ್ತಾರೆ.

ಮೆಟ್ಟಿಲಾಯಿತು, ಹೊಂಗೆ ಎದ್ದಿತು, ಕೂರಲು ಕಲ್ಲುಚಪ್ಪಡಿಯೂ ಬಂತು. "ತಂಗಿ ಪಾಲು ಎಷ್ಟ ಚಂದ ಆಗೇತಿ!" ಎಂದರು ಜನ. "ಮಾಡಿದಾಕಿ ನಾನು!" ಎಂದಳು ಹೊನ್ನವ್ವ. "ಹೌದ್ ಬಿಡ್ರಿ ಯಕ್ಕಾ. ತಂಗಿ ಪಾಲು ಭಾಳ ಚಂದ." ಸಾಯುವ ತನಕ ಅವಳು ದಾರಿಹೋಕರೊಡನೆ ಈ ಜಗಳ ಆಡಿದಳಂತೆ. ಆದರೆ ಅದನ್ನು ತನ್ನ ಪಾಲಿಗೆ ಸೇರಿಸಿ ಎಂದು ಒಮ್ಮೆಯೂ ಅನ್ನಲಿಲ್ಲ. ಕೇಳಿದರೆ ಕೊಡುವವಳು ಎದುರಿಗೆ ಇರಲಿಲ್ಲ.

ಮುಂದೆ ಕಂದಕ ಮತ್ತೆ ತಿಪ್ಪೆಯಾಯಿತು. ಮೊನ್ನೆ ಮೊನ್ನೆ ಪುರಸಭೆ ಜೆಸಿಬಿ ತಂದು ಬಗೆಸಿದಾಗ ಬುರುಜಿನ ಕೆಳಗೆ ಬೋಕಿಯ ಮೆಟ್ಟಿಲು ಹಾಗೇ ಸಿಕ್ಕಿತು. ಚಪ್ಪಡಿಯೂ ಅಲ್ಲೇ ಇದೆ. ಬುರುಜಿನ ಸಂದಿಯಲ್ಲಿ ಯಾರೂ ಹಾಕದ ಕುಂಬಳಬಳ್ಳಿ ಮಳೆಗಾಲಕ್ಕೆ ತಾನಾಗಿ ಹಬ್ಬುತ್ತದೆ. ಸಂಜೆ ಹೋಗಿ ನೋಡಿ: ಅಕ್ಕನ ಪಾಲಿನ ಬೆಂಚುಗಳು ಖಾಲಿ ಬಿದ್ದಿರುತ್ತವೆ, ಜನ ಮಾತ್ರ ಬುರುಜಿನ ಹತ್ತಿರ ನಿಂತು, ಚಪ್ಪಡಿಯ ಮೇಲೆ ಕೂತವರು ಯಾವಾಗ ಏಳುತ್ತಾರೆಂದು ಕಣ್ಣು ಕೆಂಪಗೆ ಮಾಡಿಕೊಂಡಿರುತ್ತಾರೆ. ಕೂತವರು ಕಂಡೂ ಕಾಣದವರಂತೆ ನೀರು ನೋಡುತ್ತಾರೆ. "ತಗೋ ಯಕ್ಕಾ" ಎಂದು ಎದ್ದು ಜಾಗ ಕೊಟ್ಟವರನ್ನು ಈ ಊರು ಇನ್ನೂ ಕಂಡಿಲ್ಲ.