ಕಂಬಳಿಗೂ ಚಳಿಯಂತೆ

ಒಂದಾನೊಂದು ಊರಿನಲ್ಲಿ, ಊರಿನ ಹೆಸರು ಮಾತ್ರ ಕೇಳಬೇಡಿ, ಹೇಳಲು ಹೋದರೆ ಹಲ್ಲು ಕಟಕಟ ಎನ್ನುವಷ್ಟು ಚಳಿ ಅಲ್ಲಿ, ಪುಟ್ಟತಾಯಮ್ಮ ಎಂಬಾಕೆ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದಳು. ಆಡುವವರು ಬರುವುದು ನಿಂತಿತು. ಅಂಗಡಿ ಮುಚ್ಚಿತು. ತನ್ನ ಎರಡು ಗೇಮ್ ಮಿಷನ್ನುಗಳನ್ನು ಕಾರ್ ಶೆಡ್ಡಿಗೆ ತಂದಿಟ್ಟಳು. ಮಕ್ಕಳಿಲ್ಲದ ಅವಳಿಗೆ ಅವೇ ಮಕ್ಕಳು. ಕಾರು ಓಡಿಸುವ ಆಟದ್ದು ದೊಡ್ಡವನು, ಗುದ್ದಾಟದ್ದು ಚಿಕ್ಕವನು.

ಮಾಗಿ ಬಂತು. ದೊಡ್ಡವನು ಸೀನಿದ. ಒಂದು ಪುಟ್ಟ ಕಾರು ಪರದೆಯಿಂದ ಹೊರಬಿದ್ದು ಶೆಡ್ಡೆಲ್ಲ ಸುತ್ತಿತು. ಚಿಕ್ಕವನೊಳಗಿನ ಪೈಲ್ವಾನ ಗುದ್ದುವುದು ಬಿಟ್ಟು ಎದುರಾಳಿಯನ್ನೇ ತಬ್ಬಿಕೊಂಡು ನಡುಗಿದ.

"ಅವ್ವಾ, ತಂತಿಯೆಲ್ಲ ಮರಗಟ್ಟೈತೆ. ಈ ಮಾಗಿ ಕಳೀತೀವೋ ಇಲ್ವೋ" ಎಂದ ದೊಡ್ಡವನು.

ಪುಟ್ಟತಾಯಮ್ಮನ ಕರುಳು ಚುರುಕ್ ಎಂದಿತು. ಊರ ಹೆಣ್ಣುಮಕ್ಕಳಿಗೆಲ್ಲ ಬಾಣಂತನ ಮಾಡಿದ ಕೈ ಅದು. ಅದಕ್ಕೆ ಬೇರೆ ಮದ್ದು ಗೊತ್ತಿಲ್ಲ. ಮಿಷನ್ನುಗಳ ತಲೆಗೆ ಬಟ್ಟೆ ಕಟ್ಟಿದಳು. ಸದ್ದು ಬರುವ ತೂತಿಗೆ ಹತ್ತಿ ಇಟ್ಟಳು. ಸಾಂಬ್ರಾಣಿ ಹೊಗೆ ಹಾಕಿ ಕಂಬಳಿ ಹೊದಿಸಿದಳು.

"ಅವರಿಗೇನೋ ನಾನಿವ್ನಿ. ನನಗ್ಯಾರವ್ವ? ನನಗೂ ಚಳಿ" ಎಂದಿತು ಕಂಬಳಿ.

ನ್ಯಾಯವೇ ತಾನೆ! ಕಂಬಳಿಗೆ ರಗ್ಗು ಹೊದಿಸಿದಳು. "ನನಗೂ ಚಳಿ" ಎಂದಿತು ರಗ್ಗು. ರಗ್ಗಿಗೆ ಜಮಖಾನ ಹೊದಿಸಿದಳು. "ನನಗೂ ಚಳಿ" ಎಂದಿತು ಜಮಖಾನ. ಹೀಗೇ ಊರಿನ ಹೊದಿಕೆಯೆಲ್ಲ ಬಂದು ಗುಡ್ಡೆಯಾಯಿತು. ತುದಿಗೆ ಆ ಊರನ್ನಾಳುವ ರಾಜನ ಶಾಲೂ ಬಂದು ಕೂತಿತು.

ಶಾಲಿನ ಕುಚ್ಚು ತಿರುವದೆ ಆ ರಾಜನಿಗೆ ನಿದ್ದೆ ಬಾರದು. ಓಡೋಡಿ ಬಂದ.

"ನನ್ನ ಶಾಲು ಕೊಡು!"

"ಅಯ್ಯೋ ಬುದ್ಧಿ, ತೆಗೆದ್ರೆ ಕೆಳಗಿನದಕ್ಕೆ ಚಳಿಯಾಗ್ತದೆ. ಆಮೇಲೆ ಅದರ ಕೆಳಗಿನದಕ್ಕೆ."

"ಹಾಗಾದರೆ ಸಂಜೆಯೊಳಗೆ ಶಾಲು ತಾನಾಗಿ ಸಾಕು ಎನ್ನಬೇಕು. ಇಲ್ಲದಿದ್ದರೆ ಮಿಷನ್ನು ಗುಜರಿಗೆ!"

"ನನಗೂ ಚಳಿ" ಎಂದಿತು ಶಾಲು.

ಊರಿನಲ್ಲಿ ಇನ್ನೊಂದು ಹೊದಿಕೆ ಇಲ್ಲ. ಪುಟ್ಟತಾಯಮ್ಮ ಪೊರಕೆ ಹಿಡಿದು ಚಳಿಯನ್ನೇ ಓಡಿಸಲು ಹೊರಟಳು. ಚಳಿ ಶೆಡ್ಡಿನ ಬಾಗಿಲಿಗೆ ಒರಗಿ ಕೂತಿತ್ತು. ನೋಡಿದರೆ, ಅದೂ ನಡುಗುತ್ತಿತ್ತು.

"ನಿನಗ್ಯಾಕೋ ನಡುಕ?"

"ಹೋದ ಕಡೆಯೆಲ್ಲ ಬಾಗಿಲು ಹಾಕ್ಕೋತಾರವ್ವ. ಹುಟ್ಟಿದಾಗಿಂದ ಹೊರಗೇ ಇವ್ನಿ."

ಒಳಗೆ ಕರೆದರೆ ಮಕ್ಕಳ ಗತಿಯೇನು? ಪುಟ್ಟತಾಯಮ್ಮನಿಗೆ ಭಯವಾಯಿತು. ಆದರೆ ನಡುಗುವವರನ್ನು ಹೊಸಿಲಾಚೆ ಬಿಟ್ಟು ಅವಳಿಗೆ ಅಭ್ಯಾಸವಿಲ್ಲ. ಸೆರಗಿನಿಂದ ಅದರ ಕಾಲು ಒರೆಸಿದಳು. ಮೆಣಸಿನ ಸಾರು ಕುಡಿಸಿದಳು. ಇಬ್ಬರು ಮಕ್ಕಳ ನಡುವೆ ಮಲಗಿಸಿದಳು.

ಚಳಿ ಬೆವೆತಿತು. ಚಳಿಯೇ ಬೆಚ್ಚಗಾದ ಮೇಲೆ ನಡುಗಿಸುವವರು ಯಾರು?

"ಉಸ್ಸಪ್ಪಾ, ಏನು ಸೆಕೆ! ಸಾಕು, ಇಳಿಸ್ರವ್ವ" ಎಂದಿತು ಶಾಲು. ರಾಜ ಕುಚ್ಚು ತಿರುವುತ್ತ ಹೋದ. ಹೊದಿಕೆಗಳೆಲ್ಲ ತಮ್ಮ ತಮ್ಮ ಮನೆ ಸೇರಿದವು.

ಚಳಿ ಮೆಲ್ಲಗೆ ಕೇಳಿತು: "ನಾನೂ ಹೋಗ್ಬೇಕಾ?"

ದೊಡ್ಡವನ ಪರದೆ ಫಳಕ್ಕನೆ ಹೊತ್ತಿತು. "ಎಲ್ಲಿಗೆ ಹೋಗ್ತೀಯೋ? ನಮ್ಮನ್ನು ಆಡಿಸೋರು ಬಂದು ಎಷ್ಟು ಕಾಲವಾಯ್ತು! ಕೂತ್ಕೋ, ಗಾಡಿ ಓಡ್ಸೋದು ಕಲಿಸ್ತೀನಿ."

ಪುಟ್ಟತಾಯಮ್ಮ ಖುಷಿಗೆ ಅತ್ತೇಬಿಟ್ಟಳು. ಅತ್ತು, ಕಣ್ಣೊರೆಸಿಕೊಂಡು, ಸಾರಿಗೆ ಇನ್ನೊಂದು ಲೋಟ ನೀರು ಹೊಯ್ದಳು.

ಅದಕ್ಕೇ ಹಿರಿಯರು ಹೇಳಿದ್ದು, ಹೇಳಿಲ್ಲದಿದ್ದರೆ ನಾನೇ ಹೇಳುತ್ತೇನೆ: ಚಳಿ ಬಂದರೆ ಬಾಗಿಲು ಹಾಕಬೇಡಿ, ಮಣೆ ಹಾಕಿ. ಕೇಳಿದವರ ಕಾಲು ಬೆಚ್ಚಗಿರಲಿ, ಹೇಳಿದವರಿಗೂ ಯಾರಾದರೂ ಒಂದು ದುಪ್ಪಟಿ ಕೊಡಿ.