ಬಲ್ಲವರಿಗೆ ವೀಳ್ಯ

ಹೊಳೆದಂಡೆಯ ಆಶ್ರಮದಲ್ಲಿ ಅಡವಯ್ಯನವರ ಬಳಿ ಓದುತ್ತಿದ್ದ ಚನ್ನವೀರ ಆರು ವರ್ಷ ಕೂತು ಒಂದು ಗ್ರಂಥ ಬರೆದ. ಮನಸ್ಸನ್ನು ನಿಲ್ಲಿಸುವುದು ಹೇಗೆ ಎಂಬುದು ಅದರ ವಿಷಯ.

ಅದನ್ನು ಪರೀಕ್ಷಿಸಲು ಪಂಡಿತರ ಸಭೆ ಸೇರುವುದಿತ್ತು. ಅವರು ಒಪ್ಪಿದರೆ ಚನ್ನವೀರ ಉಪಾಧ್ಯಾಯ. ಒಪ್ಪದಿದ್ದರೆ ಇನ್ನೊಂದು ವರ್ಷ ಶಿಷ್ಯನೇ.

ಸಭೆಯ ಹಿಂದಿನ ದಿನ ಬೆಳಿಗ್ಗೆ ಓಲೆಗರಿಯ ಕಟ್ಟನ್ನು ತಂದು ಗುರುಗಳ ಮುಂದಿಟ್ಟ. ಗುರುಗಳು ಒಂದೊಂದೇ ಗರಿ ತಿರುವಿದರು. ಮೂರನೆಯ ಅಧ್ಯಾಯಕ್ಕೆ ಬಂದಾಗ ಅವರ ಬೆರಳು ನಿಂತಿತು.

ಅಲ್ಲಿ ಹೀಗಿತ್ತು: 'ಹರಿಗೋಲು ಎಷ್ಟೇ ತಿರುಗಲಿ, ಅಲುಗಾಡದೆ ಕೂತವನು ದಾಟುತ್ತಾನೆ ಎಂದು ಬಲ್ಲವರು ಹೇಳಿದ್ದಾರೆ.'

"ಮಾತು ಚಲೋ ಐತಿ. ಯಾರಪ್ಪ ಈ ಬಲ್ಲವರು?"

"ಹಿಂದಿನವರು, ಗುರುಗಳ."

"ಎಷ್ಟು ಹಿಂದಿನವರು?"

ಚನ್ನವೀರ ನೆಲ ನೋಡಿದ.

"ಹೋದ ವರ್ಷದವರು."

ಗುರುಗಳು ಬೈಯಲಿಲ್ಲ. ಎರಡು ಎಲೆ, ಒಂದು ಅಡಿಕೆ ತೆಗೆದು ಶಿಷ್ಯನ ಅಂಗೈಯಲ್ಲಿಟ್ಟರು.

"ಹಂಗಾದ್ರ ಇನ್ನೂ ಬದುಕ್ಯಾರ. ವೀಳ್ಯ ಕೊಟ್ಟು ನಾಳಿನ ಸಭಾಕ್ಕ ಕರದು ಬಾ."

ಬಲ್ಲವರು ಎಂದರೆ ಅಂಬಿಗರ ಬಾಳವ್ವ. ಹೊಳೆಯಲ್ಲಿ ಹರಿಗೋಲು ನಡೆಸುವವಳು. ಶಾಸ್ತ್ರಗಳ ಸಾಲಿನಲ್ಲಿ ಅವಳ ಹೆಸರು ಬರೆಯಲು ಚನ್ನವೀರನಿಗೆ ನಾಚಿಕೆಯಾಗಿತ್ತು. ತನ್ನದೇ ಮಾತು ಎಂದು ಬರೆಯಲು ಹೆದರಿಕೆಯಾಗಿತ್ತು. 'ಬಲ್ಲವರು' ಎಂದುಬಿಟ್ಟರೆ ಒಳ್ಳೆಯದು. ಅವರಿಗೆ ಊರಿಲ್ಲ, ಕೇರಿಯಿಲ್ಲ, ಬಂದು ಜಗಳ ತೆಗೆಯುವುದೂ ಇಲ್ಲ.

ಬಾಳವ್ವ ದಂಡೆಯ ಮೇಲೆ ಹರಿಗೋಲು ಬೋರಲು ಹಾಕಿ ಒಣಗಿಸುತ್ತಿದ್ದಳು. ಚನ್ನವೀರ ವೀಳ್ಯ ಕೊಟ್ಟು ವಿಷಯ ಹೇಳಿದ. ತಾನು ಬರೆದ ಸಾಲನ್ನೂ ಓದಿ ಹೇಳಿದ.

ಅವಳು ಹುಬ್ಬು ಗಂಟಿಕ್ಕಿದಳು.

"ಹಂಗ ಯಾವಾಗ ಅಂದೆ ನಾ?"

"ಹೋದ ಮಳಿಗಾಲದಾಗ, ಅವ್ವ. ನಡುಹೊಳ್ಯಾಗ ಹರಗೋಲು ಗರಗರ ತಿರಗತಿತ್ತು. ಅಲುಗಾಡದಂಗ ಕುಂದರ್ರಿ, ದಾಟತೀರಿ ಅಂದಿ."

"ಅಂದದ್ದು ಖರೆ. ನೀವು ಅಂಜಿ ಎದ್ದು ನಿಂತಿದ್ರಿ. ಇಬ್ರೂ ಮುಳಗತಿದ್ವಿ, ಅದಕ್ಕ ಅಂದೆ." ಅವಳು ನಕ್ಕಳು. "ಸುಮ್ನ ಕುಂತವ್ರು ಎಲ್ಲಿ ದಾಟತಾರ್ರಿ ಸ್ವಾಮಿ? ಅವ್ರನ್ನ ದಾಟಸ್ತಾರ. ಹರಗೋಲಿನ ಹುಟ್ಟು ಯಾರ ಕೈಯಾಗಿತ್ತು?"

ಚನ್ನವೀರನಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಸಭಾಕ್ಕ ಬರ್ತೀಯೇನವ್ವ?"

"ನಾಳೆ ಸಂತಿ. ಮಂದಿ ದಾಟಬೇಕು," ಎಂದು ಬಾಳವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ಚನ್ನವೀರ ಒಂದೇ ಉಸಿರಿಗೆ ಆಶ್ರಮಕ್ಕೆ ಬಂದ.

"ಗುರುಗಳ, ಆಕಿ ಅಂದದ್ದ ಬ್ಯಾರೆ. ಮೂರನೇ ಅಧ್ಯಾಯ ಪೂರಾ ಆ ಸಾಲಿನ ಮ್ಯಾಲ ನಿಂತೈತಿ."

"ಈಗ?"

"ಬೀಳತೈತಿ."

"ಬೀಳಲಿ. ನಾಳೆ ಬೀಳೂದಕ್ಕಿಂತ ಇವತ್ತ ಬೀಳೂದು ಬೇಶಿ."

ಓಲೆಯ ಮೇಲೆ ಕೊರೆದದ್ದನ್ನು ಅಳಿಸಲು ಬರುವುದಿಲ್ಲ. ಚನ್ನವೀರ ಹಳೆಯ ಗರಿಗಳನ್ನು ತೆಗೆದು ಬದಿಗಿಟ್ಟು ಹೊಸ ಗರಿ ಹಿಡಿದು ಕೂತ. ಅಂಬಿಗರ ಬಾಳವ್ವ ಏನು ಹೇಳಿದಳು, ಯಾವಾಗ ಹೇಳಿದಳು, ತಾನು ಅದನ್ನು ಹೇಗೆ ತಪ್ಪಾಗಿ ತಿಳಿದೆ, ಎಲ್ಲವನ್ನೂ ಬರೆದ. ಅಧ್ಯಾಯ ಅರ್ಧಕ್ಕರ್ಧ ಇಳಿಯಿತು. ಸಂಜೆಗೆ ಬೆರಳು ಬಾತುಕೊಂಡಿತ್ತು.

ಮರುದಿನ ಸಭೆಯಲ್ಲಿ ಹಿರಿಯ ಪಂಡಿತರೊಬ್ಬರು ಆ ಗರಿಯನ್ನು ಎತ್ತಿ ಹಿಡಿದು ಗಟ್ಟಿಯಾಗಿ ಓದಿದರು.

"ಅಂಬಿಗರ ಬಾಳವ್ವ! ಇದು ಯಾವ ಶಾಸ್ತ್ರದಾಗ ಬರತೈತಪ್ಪ?"

ಸಭೆಯೆಲ್ಲ ನಕ್ಕಿತು.

"ಆಕಿ ಹೊಳ್ಯಾಗ ಇರ್ತಾಳ್ರಿ," ಎಂದ ಚನ್ನವೀರ. "ಕೇಳಬೇಕಂದ್ರ ಹೋಗಿ ಕೇಳಬಹುದು."

ನಗು ಇನ್ನೂ ಜೋರಾಯಿತು. ಪಂಡಿತರು ಕಟ್ಟನ್ನು ಅವನತ್ತ ಸರಿಸಿದರು.

"ಮುಂದಿನ ವರ್ಷ ನೋಡೂಣು."

ಸಭೆ ಮುಗಿಯಿತು, ಜನ ಎದ್ದು ಹೋದರು. ಗುರುಗಳು ಅಲ್ಲೇ ಕೂತು ಚೆದುರಿದ ಗರಿಗಳನ್ನು ಜೋಡಿಸತೊಡಗಿದರು. ಚನ್ನವೀರನಿಗೆ ಅಳು ಬಂದಿತ್ತು. ಅಳುವಿಗಿಂತ ಸಿಟ್ಟು ಹೆಚ್ಚಿತ್ತು, ಆ ಸಿಟ್ಟು ಗುರುಗಳ ಮೇಲೆಯೇ ಇತ್ತು.

"ಬಲ್ಲವರು ಅಂತ ಬಿಟ್ಟಿದ್ರ ಯಾರೂ ಕೇಳತಿದ್ದಿಲ್ಲ, ಗುರುಗಳ. ಇವತ್ತ ಒಪ್ಪತಿದ್ರು."

ಗುರುಗಳು ಕಟ್ಟಿಗೆ ದಾರ ಸುತ್ತಿ ಅವನ ಕೈಗೆ ಕೊಟ್ಟರು.

"ಒಪ್ಪತಿದ್ರು," ಎಂದರು. "ಯಾರನ್ನ?"