ಕತ್ತಾಳೆ ಸುಡುವವನ ಕೂಗು

"ಮಾಸ್ತರೇ, ಟಕೀಲಾ, ನಿಂಬೆ, ಕಿತ್ತಳೆ, ಉಪ್ಪು. ಮಾರ್ಗರಿಟಾ ಎಂದರೆ ಇಷ್ಟೇ. ಅದಕ್ಕೆ ಇಷ್ಟೊಂದು ರೂಪಗಳು ಏಕೆ?"

ಕೇಳಿದವಳು ಶಾಂಭವಿ. ಕಾರವಾರದ ಕಡಲ ದಂಡೆಯ ಹೋಟೆಲೊಂದರಲ್ಲಿ ಆಕೆ ಸಾಲ್ವಾದೋರ ಮಾಸ್ತರರ ಬಳಿ ಪಾನೀಯ ಬೆರೆಸುವ ವಿದ್ಯೆ ಕಲಿಯುತ್ತಿದ್ದಳು. ಮಾಸ್ತರರು ಒರೆಸುತ್ತಿದ್ದ ಲೋಟವನ್ನು ಕೆಳಗಿಟ್ಟು ಹೇಳತೊಡಗಿದರು.

ಕತ್ತಾಳೆ ಬೆಳೆಯುವ ದೂರದ ನಾಡಿನಲ್ಲಿ ಇಬ್ಬರು ಗೆಳೆಯರಿದ್ದರು. ಒಬ್ಬ ಕತ್ತಾಳೆ ಸುಡುವವನು, ಇನ್ನೊಬ್ಬ ಪಾನೀಯ ಬೆರೆಸುವವನು. ಸುಡುವವನು ಗುಡ್ಡದ ಮೇಲೆ ಗುಂಡಿ ತೋಡಿ, ಕಾದ ಕಲ್ಲುಗಳ ಮೇಲೆ ಕತ್ತಾಳೆಯ ಗಡ್ಡೆಗಳನ್ನು ಪೇರಿಸಿ, ಮಣ್ಣು ಮುಚ್ಚಿ ಬೇಯಿಸುತ್ತಿದ್ದ. ಆಮೇಲೆ ಜಜ್ಜಿ, ಹುಳಿಬರಿಸಿ, ಭಟ್ಟಿ ಇಳಿಸುತ್ತಿದ್ದ. ಟಕೀಲಾದ ಜಾತಿಯದೇ ಆದ, ಹೊಗೆಯ ವಾಸನೆಯ ಆ ಮೆಜ್ಕಾಲ್ ಮದ್ಯವನ್ನು ಬೆರೆಸುವವನು ನಿಂಬೆರಸಕ್ಕೂ ಕಿತ್ತಳೆಯ ಮದ್ಯಕ್ಕೂ ಕೂಡಿಸಿ, ಲೋಟದ ಅಂಚಿಗೆ ಉಪ್ಪು ಹಚ್ಚಿ, ತನ್ನ ಅಂಗಡಿಯಲ್ಲಿ ಕೊಡುತ್ತಿದ್ದ.

ಒಂದು ಮಧ್ಯಾಹ್ನ ಇಬ್ಬರೂ ಗುಂಡಿಯ ಬಳಿ ಇದ್ದಾಗ ಅಂಚು ಕುಸಿಯಿತು. ಸುಡುವವನು ಒಳಗೆ ಬಿದ್ದ. ಅವನ ಮೇಲೆ ಮಣ್ಣು ಜಾರಿತು. ಅವನು ಗೆಳೆಯನ ಹೆಸರು ಹಿಡಿದು ಕೂಗಿದ. ಗುಂಡಿಯ ಕಾವು ಮುಖಕ್ಕೆ ಬಡಿಯಿತು. ಬೆರೆಸುವವನು ಹೆದರಿ ಓಡಿದ.

ಮನಸ್ಸು ಗಟ್ಟಿ ಮಾಡಿಕೊಂಡು ಮರಳಿ ಬಂದಾಗ ಸದ್ದಿರಲಿಲ್ಲ. ಓಡಿಹೋದೆನೆಂದು ಊರಿಗೆ ಹೇಳುವುದು ಹೇಗೆ? ಮಿಕ್ಕ ಮಣ್ಣನ್ನೂ ಎಳೆದು ಗುಂಡಿ ಮುಚ್ಚಿದ. ಗೆಳೆಯ ಹಡಗು ಹತ್ತಿ ಹೋದನೆಂದ. ಎಲ್ಲರೂ ನಂಬಿದರು.

ಅಂಗಡಿಯಲ್ಲಿ ಗೆಳೆಯ ಇಳಿಸಿದ ಮೆಜ್ಕಾಲ್ ಜಾಡಿಗಟ್ಟಲೆ ಉಳಿದಿತ್ತು. ಮರುದಿನ ಒಬ್ಬ ಗಿರಾಕಿ ಮೊದಲ ಗುಟುಕು ಕುಡಿದವನೇ ಬಾಗಿಲ ಕಡೆ ತಿರುಗಿದ.

"ಯಾರೋ ಕರೆದರಲ್ಲ?"

"ಗಾಳಿ" ಎಂದ ಬೆರೆಸುವವನು.

ಮುಂದಿನ ಗಿರಾಕಿಯೂ ತಿರುಗಿದ. ಅವನ ನಂತರದವನೂ ತಿರುಗಿದ. ಇದು ಹೊಗೆಯ ರುಚಿಯ ಕೆಲಸವೆಂದು ಬೆರೆಸುವವನಿಗೆ ಅನ್ನಿಸಿತು. ಅದನ್ನು ಅಡಗಿಸಲು ನಿಂಬೆ ಹೆಚ್ಚಿಸಿದ. ಉಪ್ಪಿಗೆ ಮೆಣಸಿನ ಪುಡಿ ಸೇರಿಸಿದ. ಹುಣಸೆ ಹಿಂಡಿದ. ಅನಾನಸು ಅರೆದು ಹಾಕಿದ. ಕೆಂಪು ಹೂವನ್ನು ಕುದಿಸಿ ಸೋಸಿ ಬೆರೆಸಿದ. ಒಂದೊಂದೂ ಹಿಂದಿನದಕ್ಕಿಂತ ಸೊಗಸಾಗಿತ್ತು. ಕುಡಿದವರು ಬಾಯಿ ಚಪ್ಪರಿಸಿದರು. ಬಾಗಿಲ ಕಡೆ ತಿರುಗಿದರು.

ಅಂಗಡಿಯ ಹೆಸರು ಹಬ್ಬಿತು. ಕರೆ ಕೇಳಿಸಿಕೊಳ್ಳಬೇಕೆಂದೇ ಜನ ದೂರದಿಂದ ಬಂದರು. ಒಮ್ಮೆಗೇ ಇಡೀ ಅಂಗಡಿ ಕತ್ತು ಹೊರಳಿಸುತ್ತಿತ್ತು, ಆಮೇಲೆ ಎಲ್ಲರೂ ನಗುತ್ತಿದ್ದರು. ಬೆರೆಸುವವನು ಮಾತ್ರ ತಲೆ ತಗ್ಗಿಸಿಕೊಂಡು ಹೊಸದೊಂದು ಹಣ್ಣು ಕತ್ತರಿಸುತ್ತಿದ್ದ. ತಾನು ಒಂದು ಹನಿಯನ್ನೂ ಬಾಯಿಗೆ ಹಾಕುತ್ತಿರಲಿಲ್ಲ.

ಒಂದು ದಿನ ಸುಡುವವನ ತಾಯಿ ಅಂಗಡಿಗೆ ಬಂದು ಕುಳಿತಳು. ಹಡಗು ಹತ್ತಿ ಹೋದ ಮಗನ ಸುದ್ದಿಗೆ ಕಾದು ಕಾದು ಮುದುಕಿ ಸೊರಗಿದ್ದಳು.

ಅವನು ಆಕೆಗೆ ಎಲ್ಲಕ್ಕಿಂತ ಸಿಹಿಯಾದದ್ದನ್ನು ಬೆರೆಸಿ ತಂದ. ಆಕೆ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಇದೆಲ್ಲ ಬೇಡಪ್ಪ. ನನ್ನ ಮಗ ಇಳಿಸಿದ್ದು ಹೇಗಿತ್ತೋ ಹಾಗೇ ಕೊಡು."

ಅವನು ಬರೀ ಮೆಜ್ಕಾಲ್ ಸುರಿದುಕೊಟ್ಟ. ಅರ್ಧ ಮೇಜಿನ ಮೇಲೆ ಚೆಲ್ಲಿತು. ಮುದುಕಿ ಒಂದು ಗುಟುಕು ಕುಡಿದಳು. ಅಂಗಡಿಯವರೆಲ್ಲ ಆಕೆ ಬಾಗಿಲ ಕಡೆ ತಿರುಗುವುದನ್ನೇ ಕಾದರು. ಆಕೆ ತಿರುಗಲಿಲ್ಲ. ಅವನ ಮುಖವನ್ನೇ ನೋಡಿದಳು.

"ಅವನು ನಿನ್ನ ಹೆಸರು ಹಿಡಿದು ಕೂಗುತ್ತಿದ್ದಾನಲ್ಲೋ. ಯಾಕೆ ಓಗೊಡುತ್ತಿಲ್ಲ ನೀನು?"

ಯಾರೂ ನಗಲಿಲ್ಲ. ಬೆರೆಸುವವನು ಕೈಯಲ್ಲಿದ್ದ ಜಾಡಿ ಕೆಳಗಿಟ್ಟ. "ಓ, ಬಂದೆ" ಎಂದುಬಿಟ್ಟ.

ಗುದ್ದಲಿ ತೆಗೆದುಕೊಂಡು ಗುಡ್ಡ ಹತ್ತಿದ. ಮುದುಕಿಯೂ ಊರವರೂ ಹಿಂದೆ ನಡೆದರು. ಯಾರ ನೆರವನ್ನೂ ಪಡೆಯದೆ ಗುಂಡಿ ಬಗೆದ. ಸಿಕ್ಕಿದ್ದನ್ನು ತಾಯಿಯ ಸೆರಗಿಗೆ ಹಾಕಿ, ನಡೆದದ್ದನ್ನೆಲ್ಲ ಹೇಳಿದ. ಆಕೆ ಬೈಯಲಿಲ್ಲ, ಕ್ಷಮಿಸಲೂ ಇಲ್ಲ. ಮಗನನ್ನು ಮಣ್ಣು ಮಾಡಲು ಮನೆಯ ಕಡೆ ಇಳಿದುಹೋದಳು.

ಅಂದಿನಿಂದ ಅಂಗಡಿಯಲ್ಲಿ ಯಾರೂ ಕತ್ತು ಹೊರಳಿಸಲಿಲ್ಲ. ಕ್ರಮೇಣ ಜನ ಬರುವುದನ್ನೇ ಬಿಟ್ಟರು. ಅವನು ಬೆರೆಸಿದ ಬಗೆಗಳು ಮಾತ್ರ ಊರೂರಿಗೆ ಹೋದವು.

ಶಾಂಭವಿ ಮಾಸ್ತರರು ಕೆಳಗಿಟ್ಟ ಲೋಟವನ್ನು ಎತ್ತಿಕೊಂಡಳು. ಆಮೇಲೆ ಕೇಳಿದಳು: "ಸತ್ತವನು ಅಷ್ಟು ಕಾಲ ಹೇಗೆ ಕೂಗಿದ, ಮಾಸ್ತರೇ?"

"ಸತ್ತವನು ಕೂಗಿದ್ದು ಒಂದೇ ಸಲ. ಓಗೊಡುವವರೆಗೆ ಆ ಕೂಗು ನಿಲ್ಲಲಿಲ್ಲ, ಅಷ್ಟೆ" ಎಂದರು ಮಾಸ್ತರರು.